ನುಗ್ಗುವವರು, ತಡೆಯುವವರು: ಹಾರರ್ ಕಥೆಯ ಜೋಡಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೆಗಳನ್ನು ಹಾರರ್ ಬರೆಯುವವರೂ ಕೇಳುತ್ತಾರೆ, ಓದಿ ಬೈಯುವವರೂ ಕೇಳುತ್ತಾರೆ. ಜಾಸ್ತಿ ಬರುವಂಥವನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಉದಾಹರಣೆಗೆ ತೆಗೆದುಕೊಂಡ ಕಥೆ, ಸಿನಿಮಾಗಳ ಕೊನೆಯನ್ನೂ ಹೇಳಿಬಿಟ್ಟಿದ್ದೇನೆ. ಇನ್ನೂ ಓದದ, ನೋಡದ ಹೆಸರು ಕಂಡರೆ ಆ ಉತ್ತರ ಬಿಟ್ಟು ಮುಂದಕ್ಕೆ ಹೋಗಿ.

ಹಾರರ್‌ನಲ್ಲಿ ಮತ್ತೆ ಮತ್ತೆ ಇದೇ ಜೋಡಿ ಯಾಕೆ? ಒಬ್ಬರು ನುಗ್ಗುವವರು, ಇನ್ನೊಬ್ಬರು ಕೈಹಿಡಿದು ಎಳೆಯುವವರು?

ಕಥೆಗೆ ಇಬ್ಬರ ಕೆಲಸವೂ ಬೇಕು, ಅದಕ್ಕೆ. ಮುಚ್ಚಿದ ಬಾಗಿಲನ್ನು ಯಾರೂ ತೆರೆಯದಿದ್ದರೆ ಕಥೆಯೇ ಇಲ್ಲ. ಹಾಗಂತ ಬಾಗಿಲು ಕಂಡ ಕೂಡಲೇ ಧಡಕ್ಕನೆ ತೆರೆದು ಒಳಗೆ ಹೋಗಿಬಿಟ್ಟರೆ ಕಥೆ ಇರುತ್ತದೆ, ಭಯ ಇರುವುದಿಲ್ಲ. "ಬೇಡ" ಅನ್ನುವ ಮಾತು ಬಂದ ಮೇಲೆ, ಕೈ ಚಿಲಕಕ್ಕೆ ತಾಗುವ ಮುಂಚೆ ಒಂದಿಷ್ಟು ಹೊತ್ತು ಇರುತ್ತದಲ್ಲ, ಭಯ ಹುಟ್ಟುವುದು ಅಲ್ಲಿ. ಆ ಹೊತ್ತನ್ನು ಎಳೆಯಲು ಒಬ್ಬರು ಬೇಕು, ಮುಗಿಸಲು ಇನ್ನೊಬ್ಬರು ಬೇಕು.

ಒಂದೇ ಪಾತ್ರದ ತಲೆಯೊಳಗೂ ಈ ಜಗಳ ನಡೆಸಬಹುದು, ಬೇಕಾದಷ್ಟು ಒಳ್ಳೆಯ ಕಥೆಗಳು ಹಾಗೆ ಇವೆ ಕೂಡ. ಆದರೆ ಅಲ್ಲಿ ಎಲ್ಲವೂ ಯೋಚನೆಯಾಗಿಯೇ ಉಳಿಯುತ್ತದೆ. ಇಬ್ಬರಿದ್ದಾಗ ಅದು ಮಾತಾಗುತ್ತದೆ, ತೋಳು ಹಿಡಿಯುವುದಾಗುತ್ತದೆ, ಕೊಸರಿಕೊಂಡು ಹೋಗುವುದಾಗುತ್ತದೆ. ಓದುವವರೊಳಗೂ ಈ ಎರಡು ಮನಸ್ಸು ಇದ್ದೇ ಇರುತ್ತದೆ. ಒಳಗೇನಿದೆ ನೋಡಬೇಕು, ಅಯ್ಯೋ ನೋಡಬಾರದು. ಜೋಡಿ ಅವೆರಡನ್ನೂ ಕಣ್ಣೆದುರು ತಂದು ನಿಲ್ಲಿಸುತ್ತದೆ.

ಇನ್ನೊಂದು ಕೆಲಸ ಇದೆ, ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಹುಷಾರಿನವರು ಲೆಕ್ಕ ಇಡುತ್ತಾರೆ. ನಿನ್ನೆ ಹನ್ನೊಂದು ಮೆಟ್ಟಿಲಿತ್ತು, ಇವತ್ತು ಹನ್ನೆರಡಿದೆ ಅನ್ನುವುದು ಎರಡೆರಡು ಮೆಟ್ಟಿಲು ಹಾರಿಕೊಂಡು ಹೋಗುವವಳಿಗೆ ಯಾವತ್ತೂ ಗೊತ್ತಾಗಲ್ಲ. ಗೊತ್ತಾಗುವುದು ಹಿಂದೆ ನಿಧಾನಕ್ಕೆ ಬರುತ್ತಿರುವವನಿಗೆ ಮಾತ್ರ. ಅವಳು ಹಾರಿಕೊಂಡು ಹೋಗದಿದ್ದರೆ ಅವನು ಆ ಮೆಟ್ಟಿಲ ಹತ್ತಿರವೇ ಬರುತ್ತಿರಲಿಲ್ಲ ಅನ್ನುವುದೂ ನಿಜ.

ದುಡುಕುವ ಪಾತ್ರ ಅಂದರೆ ದಡ್ಡ ಪಾತ್ರ ತಾನೇ?

ಅಲ್ಲ. ತುಂಬಾ ಜನ ಹಾಗೇ ಬರೆಯುತ್ತಾರೆ, ಅದು ಬೇರೆ ಮಾತು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವ ಗಾದೆಯನ್ನು ಅಕ್ಷರಶಃ ತೆಗೆದುಕೊಂಡು, ಕಥೆಗೆ ಅಪಾಯ ಬೇಕಾದಾಗಲೆಲ್ಲ ಒಬ್ಬ ಪೆದ್ದನನ್ನು ಮುಂದೆ ದೂಡುತ್ತಾರೆ. ಓದುವವರಿಗೆ ಆಗ ಭಯ ಆಗಲ್ಲ, ಸಿಟ್ಟು ಬರುತ್ತೆ.

ದುಡುಕಿಗೆ ಒಂದು ಕಾರಣ ಇರಬೇಕು, ಆ ಕಾರಣ ಅಪಾಯಕ್ಕಿಂತ ಹಳೆಯದಾಗಿರಬೇಕು. ಹಿಂದೆ ಒಮ್ಮೆ ತಡ ಮಾಡಿದ್ದಕ್ಕೆ ಯಾರನ್ನೋ ಕಳೆದುಕೊಂಡವಳು ಈ ಸಲ ಕಾಯುವುದಿಲ್ಲ. ಅವಮಾನ ನುಂಗಿಕೊಂಡು ಬೆಳೆದ ಹುಡುಗ ಎಲ್ಲರೆದುರು ಹೆದರಿದ್ದನ್ನು ತೋರಿಸಿಕೊಳ್ಳುವುದಿಲ್ಲ. ಬಾವಿಯೊಳಗಿಂದ ಮಗುವಿನ ಅಳು ಕೇಳುತ್ತಿದೆ ಅಂದುಕೊಳ್ಳಿ. ಒಬ್ಬಳು ಓಡುತ್ತಾಳೆ. ಇನ್ನೊಬ್ಬಳು ನಿಂತು, ಈ ಬಾವಿ ಬತ್ತಿ ಎಷ್ಟೋ ವರ್ಷವಾಯಿತು, ಇದಕ್ಕೆ ಕಲ್ಲಿನ ಮುಚ್ಚಳ ಇದೆ, ಮಗು ಒಳಗೆ ಹೋಗಿದ್ದಾದರೂ ಹೇಗೆ ಅಂತ ಯೋಚಿಸುತ್ತಾಳೆ. ಎರಡನೆಯವಳು ಸರಿ ಅಂತ ನಮಗೆ ಗೊತ್ತು. ಆದರೂ ಓಡಿದವಳನ್ನು ದಡ್ಡಿ ಅನ್ನಲು ಮನಸ್ಸು ಬರಲ್ಲ ಅಲ್ವಾ? ಅಷ್ಟಾದರೆ ಸಾಕು.

ಹುಷಾರಿನವರು ಅಂದರೆ ಪುಕ್ಕಲರಾ? ಅಥವಾ ದೆವ್ವ ಗಿವ್ವ ನಂಬದವರಾ?

ಎರಡೂ ಅಲ್ಲ. ಈ ಮೂರನ್ನು ಕಲಸಿ ಒಂದೇ ಪಾತ್ರ ಮಾಡುವುದರಿಂದಲೇ ಅರ್ಧ ಕಥೆಗಳು ಹಾಳಾಗುತ್ತವೆ. ಪುಕ್ಕಲರು ಓಡಿಹೋಗುತ್ತಾರೆ. ನಂಬದವರಿಗೆ ಹೆದರಿಕೆಯೇ ಇಲ್ಲ, ಹಾಗಾಗಿ ಹುಷಾರೂ ಇಲ್ಲ. ಹಾರರ್‌ನಲ್ಲಿ ಎಷ್ಟೋ ಸಲ ಅತಿ ಹೆಚ್ಚು ದುಡುಕುವವರು ಇವರೇ, "ಅಲ್ಲೇನೂ ಇಲ್ಲ" ಅಂತ ಸೀದಾ ಒಳಗೆ ನಡೆಯುವವರು. ನಿಜವಾದ ಹುಷಾರಿನವರು ಅಪಾಯ ಇರಬಹುದು ಅಂತ ಒಪ್ಪಿಕೊಂಡೇ ಅಲ್ಲಿ ನಿಂತಿರುತ್ತಾರೆ.

1993ರಲ್ಲಿ ಶುರುವಾದ 'ದಿ ಎಕ್ಸ್-ಫೈಲ್ಸ್' ಧಾರಾವಾಹಿಯಲ್ಲಿ ವಿಚಿತ್ರ ಪ್ರಕರಣಗಳ ತನಿಖೆ ಮಾಡುವ ಮಲ್ಡರ್ ಮತ್ತು ಸ್ಕಲ್ಲಿ ಜೋಡಿಯನ್ನು ಎಲ್ಲರೂ ನಂಬುವವನು, ನಂಬದವಳು ಅಂತ ಹೇಳಿ ಮುಗಿಸುತ್ತಾರೆ. ಅಷ್ಟೇ ಆಗಿದ್ದರೆ ಆ ಜೋಡಿ ಅಷ್ಟು ವರ್ಷ ಬಾಳುತ್ತಿರಲಿಲ್ಲ. ಸ್ಕಲ್ಲಿ ವೈದ್ಯೆ, ಪುರಾವೆ ಕೇಳುವುದು ಅವಳ ಕೆಲಸದ ರೀತಿ, ಆದರೆ ಕತ್ತಲಿಗೆ ನುಗ್ಗಬೇಕಾದಾಗ ಹಿಂದೆ ಉಳಿಯುವವಳಲ್ಲ. ವಿಷಯ ದೇವರು, ಧರ್ಮದ ಕಡೆ ತಿರುಗಿದ ಕಂತುಗಳಲ್ಲಿ ನಂಬುವವಳು ಅವಳೇ, ಅನುಮಾನ ಪಡುವವನು ಮಲ್ಡರ್. ನಂಬಿಕೆ ಒಂದು ಗುಣ, ಹುಷಾರು ಇನ್ನೊಂದು ಗುಣ. ಬೇರೆ ಬೇರೆ ಇಟ್ಟುಕೊಳ್ಳಿ.

ಕೊನೆಗೆ ಯಾರು ಸರಿ? ನುಗ್ಗಿದವರಾ, ತಡೆದವರಾ?

ಉತ್ತರ ಜೋಡಿಯಲ್ಲಿಲ್ಲ, ದೆವ್ವದಲ್ಲಿದೆ. ಆ ಕಥೆಯ ಅಪಾಯ ಯಾವ ತಪ್ಪಿಗೆ ಶಿಕ್ಷೆ ಕೊಡುತ್ತದೆ ಅನ್ನುವುದನ್ನು ಮೊದಲು ನೋಡಬೇಕು. ಬರೆಯುವವರು ಸಾಮಾನ್ಯವಾಗಿ ಮರೆಯುವುದೇ ಇದನ್ನು. ಪಾತ್ರಗಳ ಸ್ವಭಾವಕ್ಕೆ ಪುಟಗಟ್ಟಲೆ ಕೊಡುತ್ತಾರೆ, ದೆವ್ವದ ಸ್ವಭಾವವನ್ನು ಯೋಚಿಸಿಯೇ ಇರುವುದಿಲ್ಲ.

2018ರ 'ಎ ಕ್ವೈಟ್ ಪ್ಲೇಸ್' ಸಿನಿಮಾದ ಪ್ರಾಣಿಗಳು ಶಬ್ದ ಕೇಳಿ ಬೇಟೆಯಾಡುತ್ತವೆ. ಹಾಗಾಗಿ ಅಲ್ಲಿ ಬದುಕಿರುವ ಕುಟುಂಬ ಬರಿಗಾಲಲ್ಲಿ ನಡೆಯುತ್ತದೆ, ದಾರಿಗೆ ಮರಳು ಸುರಿದುಕೊಂಡಿದೆ, ಕೈಸನ್ನೆಯಲ್ಲಿ ಮಾತಾಡುತ್ತದೆ. ಚಿಕ್ಕ ಮಗ ಆಸೆಪಟ್ಟು ಆಟಿಕೆಗೆ ಬ್ಯಾಟರಿ ಹಾಕುತ್ತಾನೆ, ಅದು ಸದ್ದು ಮಾಡುತ್ತದೆ, ಅಲ್ಲಿಗೆ ಮುಗಿಯಿತು. ಈ ಲೋಕದಲ್ಲಿ ಹುಷಾರಿಗೇ ಬೆಲೆ.

ಈಗ ಸುಝುಕಿ ಕೋಜಿ 1991ರಲ್ಲಿ ಬರೆದ 'ರಿಂಗ್' ಕಾದಂಬರಿಗೆ ಬನ್ನಿ. ಅದರಲ್ಲೊಂದು ಶಾಪದ ವಿಡಿಯೋ ಇದೆ, ನೋಡಿದವರಿಗೆ ಉಳಿಯುವುದು 7 ದಿನ. ತಾಳಿದವನು ಬಾಳಿಯಾನು ಅನ್ನುವ ಮಾತು ಇಲ್ಲಿ ನಡೆಯಲ್ಲ, ತಾಳಿದವನು ಎಂಟನೆಯ ದಿನ ಹೆಣ. ಪತ್ರಕರ್ತ ಅಸಕಾವಾ ಹೆದರಿ ನಡುಗುತ್ತಾನೆ, ಆದರೆ ಒಂದೊಂದೇ ಎಳೆ ಹಿಡಿದು ತನಿಖೆ ಮಾಡುವುದು ಗೊತ್ತು. ಅವನ ಗೆಳೆಯ ರ್ಯೂಜಿ ಆ ವಿಡಿಯೋವನ್ನು ತಾನಾಗಿಯೇ ಕೇಳಿ, ಖುಷಿಯಿಂದ ನೋಡುತ್ತಾನೆ. ಒಬ್ಬನಿಗೆ ಧೈರ್ಯ ಸಾಲದು, ಇನ್ನೊಬ್ಬನಿಗೆ ಭಯ ಸಾಲದು. ಇಬ್ಬರೂ ಸೇರಿ ಹುಡುಕುತ್ತಾರೆ. ಕೊನೆಗೆ ಬದುಕುವುದು ಅಸಕಾವಾ. ಯಾಕೆ? ಹುಷಾರಾಗಿದ್ದ ಅಂತಲ್ಲ. ಗೆಳೆಯನಿಗಾಗಿ ಆ ವಿಡಿಯೋದ ಪ್ರತಿ ಮಾಡಿ ತೋರಿಸಿದ್ದ, ಅಷ್ಟೇ. ದೆವ್ವದ ನಿಯಮ ಇಬ್ಬರ ಗುಣಕ್ಕೂ ಸಂಬಂಧವೇ ಇಲ್ಲದ ಮೂರನೆಯದಾಗಿತ್ತು. ಎಷ್ಟು ಕ್ರೂರ ನೋಡಿ, ನನಗೆ ತುಂಬಾ ಹಿಡಿಸಿದ ಮುಕ್ತಾಯಗಳಲ್ಲಿ ಇದೂ ಒಂದು.

ನೀವು ಬರೆಯುವುದಾದರೆ ನನ್ನ ಸಲಹೆ ಇದು: ನಡುದಾರಿಯಲ್ಲಿ ನಿಯಮ ಬದಲಾಗುವ ಹಾಗೆ ಮಾಡಿ. ಕತ್ತಲ ನೆಲಮಾಳಿಗೆಯಲ್ಲಿ ಏನೋ ಒಂದಿದೆ, ಅಲುಗಾಡದಿದ್ದರೆ ಅದಕ್ಕೆ ನೀವು ಕಾಣಿಸಲ್ಲ. ಮೊದಲ ಅರ್ಧ ಹುಷಾರಿನವನ ಮಾತು ಕೇಳಿ ಇಬ್ಬರೂ ಬದುಕುತ್ತಾರೆ. ಆಮೇಲೆ ನೆಲಮಾಳಿಗೆಗೆ ನೀರು ನುಗ್ಗಲು ಶುರುವಾಗುತ್ತದೆ, ಮೊಣಕಾಲು, ಸೊಂಟ, ಎದೆ. ಈಗ ಅವನಿಗೆ ಗೊತ್ತಿರುವ ಒಂದೇ ವಿದ್ಯೆ ಇಬ್ಬರನ್ನೂ ಮುಳುಗಿಸುತ್ತದೆ. ಇಲ್ಲಿಯವರೆಗೆ ಬೈಸಿಕೊಂಡವಳ ಸರದಿ ಬಂತು.

ಹುಷಾರಾಗಿದ್ದರೆ ತಪ್ಪೇನು? ಅವರ ಮಾತು ಕೇಳಿದ್ದರೆ ಎಲ್ಲರೂ ಬದುಕುತ್ತಿದ್ದರಲ್ಲ?

ಯಾವಾಗಲೂ ಅಲ್ಲ. ಇದಕ್ಕೆ ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ 'ಡ್ರಾಕುಲಾ' ಕಾದಂಬರಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಕಾದಂಬರಿಯ ನಡುವೆ ಒಂದು ಸಭೆ ನಡೆಯುತ್ತದೆ. ಬಾವಲಿಯ ರೂಪವನ್ನೂ ತಾಳಬಲ್ಲ, ರಕ್ತ ಹೀರುವ ಡ್ರಾಕುಲಾನನ್ನು ಹಿಡಿಯುವುದು ಹೇಗೆ ಅಂತ, ಅವನ ಬೆನ್ನುಹತ್ತಿದ ಗುಂಪಿನ ಮುಂದಾಳು ವ್ಯಾನ್ ಹೆಲ್ಸಿಂಗ್ ಎಲ್ಲರಿಗೂ ವಿವರಿಸುತ್ತಿದ್ದಾನೆ. ಕ್ವಿನ್ಸಿ ಮಾರಿಸ್ ಅನ್ನುವ ಅಮೆರಿಕದವನು ಮಾತಿನ ನಡುವೆ ಎದ್ದು ಹೊರಗೆ ಹೋಗುತ್ತಾನೆ. ಸ್ವಲ್ಪ ಹೊತ್ತಿಗೆ ಢಂ ಅಂತ ಶಬ್ದ, ಕಿಟಕಿಯ ಗಾಜು ಒಡೆದು ಗುಂಡೊಂದು ಕೋಣೆಯೊಳಗೇ ಬರುತ್ತದೆ. ಕಿಟಕಿಯ ಮೇಲೆ ದೊಡ್ಡ ಬಾವಲಿ ಕೂತಿತ್ತು, ಅದಕ್ಕೆ ಹೊಡೆದೆ ಅನ್ನುತ್ತಾನೆ. ಒಳಗಿದ್ದವರು ಸಾಯಬಹುದಿತ್ತು, ಬಾವಲಿಯಂತೂ ಹಾರಿಹೋಯಿತು. ಪಕ್ಕಾ ದುಡುಕು. ಓದುವಾಗ ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ.

ಅದೇ ಸಭೆಯಲ್ಲಿ ಇನ್ನೊಂದು ತೀರ್ಮಾನವೂ ಆಗುತ್ತದೆ, ತುಂಬಾ ಹುಷಾರಿನದು, ತುಂಬಾ ಕಾಳಜಿಯದು. ಗುಂಪಿನಲ್ಲಿರುವ ಮೀನಾ ಹೆಂಗಸು, ಅವಳನ್ನು ಈ ಅಪಾಯದಿಂದ ದೂರ ಇಡೋಣ, ಇನ್ನು ಮುಂದೆ ಅವಳಿಗೆ ಏನೂ ಹೇಳುವುದು ಬೇಡ. ಎಲ್ಲರ ದಿನಚರಿಗಳನ್ನು ಟೈಪ್ ಮಾಡಿ, ದಿನಾಂಕದ ಪ್ರಕಾರ ಜೋಡಿಸಿ, ಡ್ರಾಕುಲಾನ ಜಾಡು ಕಾಣುವ ಹಾಗೆ ಮಾಡಿದವಳೇ ಅವಳು! ಗಂಡಸರು ಅವಳನ್ನು ಮನೆಯಲ್ಲಿ ಬಿಟ್ಟು ಡ್ರಾಕುಲಾನ ಮನೆಗೆ ಹುಡುಕಲು ಹೋಗುತ್ತಾರೆ. ಅವನು ಬರುವುದು ಅವಳ ಹತ್ತಿರಕ್ಕೆ. ಮಾರನೆಯ ದಿನ ಅವಳು ಬಿಳಿಚಿಕೊಂಡಿರುವುದು ಅವರಿಗೆ ಕಾಣುತ್ತದೆ, ಪಾಪ ದಣಿದಿದ್ದಾಳೆ ಅಂದುಕೊಳ್ಳುತ್ತಾರೆ. ಏನೂ ಮಾತಾಡುವುದಿಲ್ಲ ಅಂತ ತೀರ್ಮಾನ ಆಗಿದೆಯಲ್ಲ, ಕೇಳುವುದೂ ಇಲ್ಲ.

ಕ್ವಿನ್ಸಿಯ ಗುಂಡು ಒಂದು ಗಾಜು ಒಡೆಯಿತು. ಹುಷಾರಿನವರ ಮೌನ ಮೀನಾಳನ್ನು ಡ್ರಾಕುಲಾನ ಕೈಗೆ ಕೊಟ್ಟಿತು. ಕೊನೆಯ ದೃಶ್ಯದಲ್ಲಿ ಸೂರ್ಯ ಮುಳುಗಲು ಕ್ಷಣಗಳಿರುವಾಗ ಡ್ರಾಕುಲಾ ಮಲಗಿರುವ ಪೆಟ್ಟಿಗೆಯ ಗಾಡಿಯ ಸುತ್ತಲಿನ ಕಾವಲನ್ನು ಸೀಳಿಕೊಂಡು ನುಗ್ಗುವವರಲ್ಲಿ ಒಬ್ಬ ಯಾರು? ಇದೇ ಕ್ವಿನ್ಸಿ. ಅಲ್ಲಿ ಯೋಚಿಸುತ್ತ ನಿಂತಿದ್ದರೆ ಕಥೆ ಬೇರೆಯೇ ಆಗುತ್ತಿತ್ತು. ಆ ಓಟಕ್ಕೆ ಅವನು ತನ್ನ ಪ್ರಾಣ ಕೊಡುತ್ತಾನೆ.

ಹುಷಾರಿನವರ ತಪ್ಪುಗಳಿಗೆ ಸದ್ದಿಲ್ಲ, ಹಾಗಾಗಿ ಬರೆಯುವವರಿಗೂ ಬೇಗ ಹೊಳೆಯಲ್ಲ. ಗೊತ್ತಿದ್ದೂ ಹೇಳದಿರುವುದು, ಇನ್ನೊಂದು ಸಲ ಖಚಿತ ಮಾಡಿಕೊಳ್ಳೋಣ ಅಂತ ರಾತ್ರಿಯನ್ನು ಕಳೆಯುವುದು, ತನ್ನವರನ್ನು ಉಳಿಸಲು ಹೊರಗೆ ನಿಂತವರಿಗೆ ಬಾಗಿಲು ತೆರೆಯದಿರುವುದು. ಇವು ನನ್ನ ಪ್ರಕಾರ ನೆಲಮಾಳಿಗೆಗೆ ಇಳಿಯುವುದಕ್ಕಿಂತ ಹೆಚ್ಚು ಹೆದರಿಸುತ್ತವೆ, ಯಾಕೆಂದರೆ ನಾವೂ ಅದನ್ನೇ ಮಾಡುತ್ತಿದ್ದೆವು.

ಕಥೆಯ ನಡುವೆ ಇಬ್ಬರ ಗುಣ ಅದಲುಬದಲಾಗಬಹುದಾ?

ಆಗಬಹುದು, ಆದರೆ ಎಲ್ಲಿಂದಲೋ ಉದುರಬಾರದು. ಡಬ್ಲ್ಯು. ಡಬ್ಲ್ಯು. ಜೇಕಬ್ಸ್ 1902ರಲ್ಲಿ ಪ್ರಕಟಿಸಿದ 'ದ ಮಂಕೀಸ್ ಪಾ' ಕಥೆ ಇದರಲ್ಲಿ ಮೇಷ್ಟ್ರು. ಕಥೆ ಶುರುವಾಗುವಾಗ ವೈಟ್ ಅನ್ನುವ ಮುದುಕ ಮಗನ ಜೊತೆ ಚದುರಂಗ ಆಡುತ್ತಿರುತ್ತಾನೆ, ತನ್ನ ರಾಜನನ್ನು ಬೇಡದ ಅಪಾಯಕ್ಕೆ ತಳ್ಳುವ ಆಟಗಾರ ಅಂತ ಆರಂಭದಲ್ಲೇ ಹೇಳಿಬಿಡುತ್ತಾರೆ. ಹೆಂಡತಿ ಬೆಂಕಿಯ ಪಕ್ಕ ಹೆಣೆಯುತ್ತ ಕೂತಿದ್ದಾಳೆ. ಮನೆಗೆ ಬಂದ ಅತಿಥಿ, ಮೂರು ಆಸೆ ಈಡೇರಿಸುವ ಆ ಕೋತಿಯ ಪಂಜವನ್ನು ಬೆಂಕಿಗೆ ಎಸೆಯುತ್ತಾನೆ. ಬಗ್ಗಿ ಅದನ್ನು ಬೆಂಕಿಯಿಂದ ಕಿತ್ತುಕೊಳ್ಳುವುದು ಮುದುಕ. 200 ಪೌಂಡ್ ಬೇಕು ಅಂತ ಆಸೆ ಪಡುವುದೂ ಅವನೇ. ಹಣ ಬರುತ್ತದೆ, ಯಂತ್ರಕ್ಕೆ ಸಿಕ್ಕಿ ಸತ್ತ ಮಗನ ಪರಿಹಾರವಾಗಿ.

ಅಲ್ಲಿಂದ ತಿರುಗುತ್ತದೆ. ಮಗನನ್ನು ಮಣ್ಣು ಮಾಡಿದ ಮೇಲೆ ಒಂದು ರಾತ್ರಿ ಹೆಂಡತಿಗೆ ಹೊಳೆಯುತ್ತದೆ, ಇನ್ನೂ ಎರಡು ಆಸೆ ಉಳಿದಿದೆ, ಮಗ ಬದುಕಿ ಬರಲಿ ಅಂತ ಕೇಳು. ಗಂಡ ಬೇಡ ಅನ್ನುತ್ತಾನೆ. ಹೆಣ ನೋಡಿದವನು ಅವನು, ಬಟ್ಟೆಯಿಂದ ಮಾತ್ರ ಗುರುತು ಹಿಡಿದಿದ್ದ. ಅವಳು ಬಿಡಲ್ಲ, ಅವನು ಕೇಳುತ್ತಾನೆ. ನಡುರಾತ್ರಿ ಬಾಗಿಲು ಬಡಿಯುವ ಸದ್ದು. ಅವಳು ಓಡಿಹೋಗಿ ಮೇಲಿನ ಅಗುಳಿ ಎಟುಕದೆ ಕುರ್ಚಿ ಎಳೆಯುತ್ತಿದ್ದಾಳೆ, ಅವನು ಕತ್ತಲಲ್ಲಿ ನೆಲ ತಡವಿ ಆ ಪಂಜವನ್ನು ಹುಡುಕುತ್ತಿದ್ದಾನೆ. ಅವನಿಗೆ ಅದು ಸಿಗುವುದಕ್ಕೂ ಅಗುಳಿ ಜಾರುವುದಕ್ಕೂ ಸರಿಹೋಗುತ್ತದೆ, ಕೊನೆಯ ಆಸೆ ಹೇಳುತ್ತಾನೆ, ಬಾಗಿಲು ತೆರೆದರೆ ಖಾಲಿ ರಸ್ತೆ.

ಬಾಗಿಲ ಆಚೆ ಏನಿತ್ತು ಅಂತ ಜೇಕಬ್ಸ್ ತೋರಿಸುವುದೇ ಇಲ್ಲ. ಬೇಕಾಗಿಯೂ ಇಲ್ಲ. ನಡುಗಿಸುವುದು ಈಚೆ ನಡೆಯುವುದು: ಒಬ್ಬರನ್ನೊಬ್ಬರು ಪ್ರೀತಿಸುವ ಗಂಡ ಹೆಂಡತಿ ಒಂದೇ ಮಗನಿಗಾಗಿ ಎದುರುಬದುರಾಗಿ ಓಡುತ್ತಿದ್ದಾರೆ. ಸುಮ್ಮನೆ ಹೆಣೆಯುತ್ತಿದ್ದವಳಿಗೆ ದುಡುಕು ಬಂದದ್ದು ದುಃಖದಿಂದ, ರಾಜನನ್ನು ಅಪಾಯಕ್ಕೆ ತಳ್ಳುತ್ತಿದ್ದವನಿಗೆ ಹುಷಾರು ಬಂದದ್ದು ಪೆಟ್ಟು ತಿಂದು. ಬದಲಾವಣೆಗೆ ಬೆಲೆ ಕಟ್ಟಿಯಾಗಿದೆ, ಹಾಗಾಗಿ ನಂಬುತ್ತೇವೆ.

ಹುಷಾರಿನವರು ಒಮ್ಮೆ ದುಡುಕುವ ದೃಶ್ಯ ಬರೆಯಬೇಕು. ಎಲ್ಲಿಡಲಿ?

ಒಂದೇ ಸಲ ಇಡಿ, ತಡವಾಗಿ ಇಡಿ. ಅದಕ್ಕೂ ಮುಂಚೆ ಆ ಪಾತ್ರ ಎಷ್ಟು ನಿಯಮದವಳು ಅನ್ನುವುದು ಓದುವವರಿಗೆ ಖಾತ್ರಿಯಾಗಿರಬೇಕು. 1979ರ 'ಏಲಿಯನ್' ಸಿನಿಮಾದಲ್ಲಿ ಅಂತರಿಕ್ಷ ಹಡಗಿನ ಸಿಬ್ಬಂದಿ ರಿಪ್ಲಿ ಮಾಡುವ ಮೊದಲ ದೊಡ್ಡ ಕೆಲಸವೇ ಬಾಗಿಲು ತೆರೆಯದಿರುವುದು. ಮುಖಕ್ಕೆ ಏನೋ ಕಚ್ಚಿಕೊಂಡಿರುವ ಜೊತೆಗಾರನನ್ನು ಹೊತ್ತು ತಂದಿದ್ದಾರೆ, ಕ್ಯಾಪ್ಟನ್ ಹೊರಗಿಂದ ಆಜ್ಞೆ ಮಾಡುತ್ತಿದ್ದಾನೆ, ಕ್ವಾರಂಟೈನ್ ನಿಯಮ ಇದೆ ಅಂತ ಅವಳು ಒಪ್ಪುವುದಿಲ್ಲ. ಇನ್ನೊಬ್ಬ ತೆರೆಯುತ್ತಾನೆ, ಸಾವು ಹಡಗಿನೊಳಗೆ ಬರುತ್ತದೆ. ಅದೇ ರಿಪ್ಲಿ ಹಡಗು ಬಿಟ್ಟು ಓಡಬೇಕಾದ ಹೊತ್ತಿನಲ್ಲಿ ಬೆಕ್ಕು ಹುಡುಕುತ್ತಾಳೆ! ಲೆಕ್ಕದ ಪ್ರಕಾರ ಇದು ಹುಚ್ಚುತನ. ಆದರೆ ಮನುಷ್ಯನಿಗೆ ತೆರೆಯದ ಬಾಗಿಲಿನ ನೆನಪು ನಮ್ಮಲ್ಲಿ ಇರುವುದರಿಂದಲೇ ಬೆಕ್ಕಿನ ಹುಡುಕಾಟಕ್ಕೆ ಅಷ್ಟು ತೂಕ.

ಮೇಲೆ ಹೇಳಿದ 'ಎ ಕ್ವೈಟ್ ಪ್ಲೇಸ್' ಕೂಡ ಹೀಗೇ. ಇಡೀ ಸಿನಿಮಾ ಒಂದು ಸದ್ದೂ ಆಗದ ಹಾಗೆ ಕಾಯ್ದುಕೊಂಡು ಬಂದ ಅಪ್ಪ, ಕೊನೆಗೆ ಮಕ್ಕಳು ಉಳಿಯಲಿ ಅಂತ ಬೇಕೆಂದೇ ಕಿರುಚುತ್ತಾನೆ.

ಇಷ್ಟು ಬೇರೆ ಬೇರೆ ಇರುವವರು ಒಟ್ಟಿಗೆ ಯಾಕಿರುತ್ತಾರೆ? ಮೊದಲ ಸದ್ದಿಗೇ ಬಿಟ್ಟು ಹೋಗಬಹುದಲ್ಲ?

ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಇಲ್ಲದಿದ್ದರೆ ಕಥೆ ಬರೆಯಬೇಡಿ ಅಂತಲೇ ಹೇಳುತ್ತೇನೆ. ಇಬ್ಬರಿಗೂ ಇನ್ನೊಬ್ಬರ ಗುಣದಿಂದ ಮೊದಲೇ ಲಾಭ ಆಗಿರಬೇಕು, ದೆವ್ವ ಬರುವುದಕ್ಕಿಂತ ಮುಂಚೆ. ಅವಳು ನುಗ್ಗದಿದ್ದರೆ ಅವನು ಆ ಕೆಲಸ ಬಿಡುತ್ತಲೇ ಇರಲಿಲ್ಲ, ಅವನು ತಡೆಯದಿದ್ದರೆ ಅವಳು ಕೈಯಲ್ಲಿದ್ದುದನ್ನೆಲ್ಲ ಕಳೆದುಕೊಳ್ಳುತ್ತಿದ್ದಳು. ಎರಡು ಸಾಲು ಸಾಕು, ಆದರೆ ಇರಲೇಬೇಕು. ಅದಿಲ್ಲದೆ ಬರೀ ಜಗಳ ತೋರಿಸಿದರೆ ಓದುವವರು ದೆವ್ವದ ಪರ ವಹಿಸುತ್ತಾರೆ.

ಜೋಡಿ ಕೂಡಿಬರದಿದ್ದರೆ ಏನಾಗುತ್ತದೆ ಅನ್ನುವುದನ್ನು 2007ರ 'ಪ್ಯಾರಾನಾರ್ಮಲ್ ಆಕ್ಟಿವಿಟಿ' ಚೆನ್ನಾಗಿ ತೋರಿಸುತ್ತದೆ. ಮನೆಯಲ್ಲಿ ಕಾಡುತ್ತಿರುವ ಶಕ್ತಿ ಕೇಟಿಗೆ ಚಿಕ್ಕಂದಿನಿಂದ ಗೊತ್ತು, ಅದನ್ನು ಕೆಣಕಬೇಡ ಅನ್ನುತ್ತಾಳೆ. ಮನೆಗೆ ಬಂದ ಅತೀಂದ್ರಿಯ ಪರಿಣಿತನೂ ಅದನ್ನೇ ಹೇಳುತ್ತಾನೆ. ಅವಳ ಗೆಳೆಯ ಮೈಕಾ ಕ್ಯಾಮೆರಾ ಹಿಡಿದು ಕೆಣಕುತ್ತಲೇ ಹೋಗುತ್ತಾನೆ. ದೆವ್ವಗಳ ಜೊತೆ ಮಾತಾಡಲು ಬಳಸುವ ಓಯಿಜಾ ಬೋರ್ಡ್ ಕೊಂಡು ತರುವುದಿಲ್ಲ ಅಂತ ಮಾತು ಕೊಟ್ಟವನು ಒಂದನ್ನು ತಂದೇ ತರುತ್ತಾನೆ. ಅವನ ಸಮರ್ಥನೆ ಏನು ಗೊತ್ತಾ? ಕೊಂಡಿಲ್ಲ, ಎರವಲು ತಂದಿದ್ದೇನೆ! ಆ ಜೋಡಿ ಮುರಿಯುವುದು ಅಲ್ಲೇ. ಒಬ್ಬರ ಹುಷಾರನ್ನು ಇನ್ನೊಬ್ಬರು ಕಿವಿಗೇ ಹಾಕಿಕೊಳ್ಳದಿದ್ದರೆ ಅವರು ಒಬ್ಬರಿಗೊಬ್ಬರು ಪೂರಕ ಅಲ್ಲ, ಒಂದೇ ಮನೆಯಲ್ಲಿರುವ ಇಬ್ಬರು ಒಂಟಿಗಳು.

"ನೀನು ಆ ಕಡೆ ಹೋಗು, ನಾನು ಈ ಕಡೆ ನೋಡ್ತೀನಿ" ಅನ್ನುವುದನ್ನು ಇನ್ನೂ ಬರೆಯಬಹುದಾ?

ಬರೆಯಬಹುದು, ಒಂದೇ ಕಾರಣಕ್ಕೆ. ಬೇರೆಯಾದ ಮೇಲೆ ಇಬ್ಬರೂ ಇನ್ನೊಬ್ಬರ ಕೆಲಸ ಮಾಡಬೇಕಾಗುತ್ತದೆ. ನುಗ್ಗುವವಳು ಮೊದಲ ಬಾರಿಗೆ ಬಾಗಿಲ ಮುಂದೆ ನಿಂತು, ಅವನಿದ್ದರೆ ಏನು ನೋಡುತ್ತಿದ್ದ ಅಂತ ಯೋಚಿಸುತ್ತಾಳೆ. ಅವನಿಗೆ ತಳ್ಳುವವರಿಲ್ಲ, ತಾನೇ ಕಾಲಿಡಬೇಕು. ಇದಕ್ಕಲ್ಲದೆ ಸುಮ್ನೆ ಒಬ್ಬರನ್ನು ಕೊಲ್ಲಲು ಬೇರೆ ಮಾಡಿದರೆ ಓದುವವರಿಗೆ ತಕ್ಷಣ ಗೊತ್ತಾಗುತ್ತೆ.

ಇವರ ಮಾತು ಬರೆಯುವಾಗ ಬರೀ "ಬೇಡ ಬೇಡ", "ಏನೂ ಆಗಲ್ಲ" ಅಂತಲೇ ಬರುತ್ತೆ. ಏನು ಮಾಡಲಿ?

ಹುಷಾರಿನವರ ಬಾಯಲ್ಲಿ ಎಚ್ಚರಿಕೆ ಬೇಡ, ಕಂಡದ್ದನ್ನು ಹೇಳಿಸಿ. ನುಗ್ಗುವವರ ಬಾಯಲ್ಲಿ ವಾದ ಬೇಡ, ಕೆಲಸ ಮಾಡಿಸಿ. ಅಕ್ಕ, ತಮ್ಮ, ಒಂದು ಹಳೆಯ ಮನೆ ಅಂದುಕೊಳ್ಳಿ.

"ಅಕ್ಕ, ಈ ಬಾಗಿಲಿಗೆ ಮೂರು ಚಿಲಕ ಇದೆ."

"ಭದ್ರವಾಗಿರಲಿ ಅಂತ ಹಾಕಿರ್ತಾರೆ ಬಿಡೋ."

"ಮೂರೂ ಹೊರಗಡೆನೇ ಇದೆ."

"ಟಾರ್ಚ್ ಕೊಡು."

ಎಲ್ಲೂ ಬೇಡ ಅಂದಿಲ್ಲ, ಅಪಾಯ ಅನ್ನುವ ಪದವೇ ಇಲ್ಲ. ಭಯ ಇರುವುದು ಚಿಲಕದಲ್ಲಿ. ಕೊನೆಯ ಮಾತನ್ನು ಇನ್ನೊಮ್ಮೆ ನೋಡಿ: ಟಾರ್ಚ್ ಇರುವುದು ತಮ್ಮನ ಕೈಯಲ್ಲಿ. ಬರುವಾಗ ನೆನಪಿಟ್ಟು ತಂದವನು ಅವನು. ಅವನಿಲ್ಲದೆ ಅವಳು ಕತ್ತಲಲ್ಲಿ ನಿಂತಿರುತ್ತಿದ್ದಳು, ಅವಳಿಲ್ಲದೆ ಅವನು ಚಿಲಕ ಎಣಿಸಿ ಮನೆಗೆ ವಾಪಸ್ ಹೋಗಿರುತ್ತಿದ್ದ. ಪೂರಕ ಅನ್ನುವುದನ್ನು ವಿವರಿಸಲು ಹೋಗಬೇಡಿ, ಯಾರ ಕೈಯಲ್ಲಿ ಏನಿದೆ ಅನ್ನುವುದನ್ನು ತೋರಿಸಿ.

ಯಾರ ಕಣ್ಣಿಂದ ಕಥೆ ಹೇಳಲಿ?

ಹುಷಾರಿನವರ ಕಣ್ಣಿಂದ ಹೇಳಿದರೆ ಕಾಯುವ ಭಯ ಸಿಗುತ್ತದೆ. ಅವರಿಗೆ ಎಲ್ಲವೂ ಕಾಣುತ್ತದೆ, ತಡೆಯಲು ಆಗಲ್ಲ, ಆ ಅಸಹಾಯಕತೆಯೇ ಕಥೆಯಾಗುತ್ತದೆ. ವಾಕ್ಯಗಳೂ ಉದ್ದವಾಗಲಿ, ಒಂದೊಂದೇ ವಿವರ ಸೇರಿಸಿಕೊಂಡು, ಇದು ಹೀಗಿದ್ದರೆ ಅದು ಹಾಗಾಗಬಹುದು ಅಂತ ಹೆಣೆದುಕೊಂಡು, ಓದುವವರು ಉಸಿರು ಬಿಡಲು ಪೂರ್ಣವಿರಾಮ ಹುಡುಕುವ ಹಾಗೆ.

ನುಗ್ಗುವವರ ಕಣ್ಣಿಂದ ಹೇಳುವುದು ಕಷ್ಟ, ಆದರೆ ಮಜಾ ಜಾಸ್ತಿ. ಅವಳು ನೋಡಿಯೂ ಗಮನಿಸದ್ದನ್ನು ಓದುವವರು ಗಮನಿಸಬೇಕು. "ಗೋಡೆ ಒದ್ದೆಯಾಗಿತ್ತು. ಒರೆಸಿಕೊಂಡು ಮುಂದೆ ಹೋದೆ." ಒದ್ದೆ ಯಾತರದ್ದು? ಅವಳು ಕೇಳಲ್ಲ. ನಾವು ಕೇಳುತ್ತೇವೆ, ಹೇಳುವವರಿಲ್ಲ.

ಇಬ್ಬರೂ ಒಂದೇ ಥರ ಇದ್ದರೆ ಕಥೆ ಆಗಲ್ವಾ?

ಆಗುತ್ತೆ, ಬೇರೆ ಥರದ್ದು. ಇಬ್ಬರೂ ನುಗ್ಗುವವರಾದರೆ ಅದು ಸ್ಪರ್ಧೆಯಾಗುತ್ತದೆ, ಬೇಗ ಮುಗಿಯುತ್ತದೆ, ಸ್ವಲ್ಪ ನಗುವೂ ಬರುತ್ತದೆ. ಇಬ್ಬರೂ ಹುಷಾರಿನವರಾದರೆ ಅಪಾಯವೇ ಒಳಗೆ ಬರಬೇಕು, ಅವರಂತೂ ಹೊರಗೆ ಹೋಗಲ್ಲ. ಮುತ್ತಿಗೆಯ ಕಥೆಗಳಿಗೆ ಇದು ಚೆನ್ನಾಗಿ ಹೊಂದುತ್ತದೆ.

ಗಂಡು ನುಗ್ಗುವುದು, ಹೆಣ್ಣು ತಡೆಯುವುದು, ಇದು ಹಳತಾಗಲಿಲ್ವಾ?

ಆಗಿದೆ. 2005ರ 'ದಿ ಡಿಸೆಂಟ್' ಸಿನಿಮಾದಲ್ಲಿ ಗುಹೆಗೆ ಇಳಿಯುವ ಆರೂ ಜನ ಹೆಂಗಸರು. ಗೊತ್ತಿರುವ ಗುಹೆ ಅಂತ ಸುಳ್ಳು ಹೇಳಿ, ನಕ್ಷೆಯೇ ಇಲ್ಲದ ಗುಹೆಗೆ ಎಲ್ಲರನ್ನೂ ಕರೆದುಕೊಂಡು ಹೋಗುವ ಜೂನೋ ಎಷ್ಟು ದುಡುಕಿನವಳೋ ಅಷ್ಟೇ ಗಟ್ಟಿಗಿತ್ತಿ. ಗಂಡು ಹೆಣ್ಣು ಅನ್ನುವುದಕ್ಕಿಂತ ವಯಸ್ಸು, ಕೆಲಸ, ಯಾರು ಯಾರಿಗೆ ಋಣಿ ಅನ್ನುವುದರಿಂದ ಸ್ವಭಾವ ಕಟ್ಟಿ ನೋಡಿ. ಮೊಮ್ಮಗಳು ಹುಷಾರು, ಅಜ್ಜಿ ದುಡುಕು ಅಂತ ಒಮ್ಮೆ ಬರೆದು ನೋಡಿ. ಕಳೆದುಕೊಳ್ಳಲು ಏನೂ ಇಲ್ಲದ ಅಜ್ಜಿ ನೆಲಮಾಳಿಗೆಗೆ ಇಳಿಯುವ ರೀತಿಯೇ ಬೇರೆ.

ಮೊದಲು ಸಾಯುವುದು ನುಗ್ಗುವವರೇ ಆಗಬೇಕಾ?

ಬೇಡ, ಎಲ್ಲರೂ ಅದನ್ನೇ ಕಾಯುತ್ತಿರುತ್ತಾರೆ. ಹುಷಾರಿನವರು ಮೊದಲು ಹೋದರೆ ಕಥೆ ನಿಜವಾಗಿ ಜಾರುತ್ತದೆ, ಯಾಕೆಂದರೆ ಬದುಕಿ ಉಳಿದವಳಿಗೆ ಬ್ರೇಕ್ ಇಲ್ಲ, ಅದು ಅವಳಿಗೂ ಗೊತ್ತು. ಆದರೆ ಸಾವು ಪಾಠ ಕಲಿಸುವ ಹಾಗೆ ಬರಬಾರದು. ದುಡುಕಿದಳು ಸತ್ತಳು, ತಾಳಿದ ಬದುಕಿದ ಅನ್ನುವುದು ಮಕ್ಕಳ ಪಠ್ಯಪುಸ್ತಕ.

ಸಣ್ಣ ಕಥೆಯಲ್ಲಿ ಇಷ್ಟಕ್ಕೆಲ್ಲ ಜಾಗ ಎಲ್ಲಿದೆ?

ಜೇಕಬ್ಸ್‌ಗೆ ಸಾಕಾಯಿತಲ್ಲ. ಒಂದು ಚದುರಂಗದ ನಡೆ, ಬೆಂಕಿಯಿಂದ ಪಂಜ ಕಿತ್ತುಕೊಳ್ಳುವ ಒಂದು ಕೈ, ಅಷ್ಟರಲ್ಲೇ ಮುದುಕನ ಸ್ವಭಾವ ಮುಗಿಯಿತು. ಇಬ್ಬರೂ ಒಂದೇ ಸಣ್ಣ ಕೆಲಸ ಮಾಡುವುದನ್ನು ತೋರಿಸಿ, ಬೀಗ ಹಾಕುವುದೋ, ಬಂದ ಕಾಗದ ಬಿಚ್ಚುವುದೋ. ಒಬ್ಬಳು ಹರಿದು ಬಿಚ್ಚುತ್ತಾಳೆ, ಒಬ್ಬ ಹಿಂದೆ ತಿರುಗಿಸಿ ಯಾರು ಕಳಿಸಿದ್ದು ಅಂತ ನೋಡುತ್ತಾನೆ.

ನನ್ನ ಕಥೆಯ ಹುಷಾರಿನ ಪಾತ್ರ ಬರೀ ಗೊಣಗುತ್ತದೆ, ಓದಿದವರಿಗೆಲ್ಲ ಬೇಜಾರು. ಸರಿಮಾಡುವುದು ಹೇಗೆ?

ಆ ಪಾತ್ರಕ್ಕೆ ಮಾಡಲು ಕೆಲಸ ಕೊಡಿ. ತಡೆಯುವುದು ಕೆಲಸ ಅಲ್ಲ. ಅವಳು ನುಗ್ಗುತ್ತಾಳೆ ಅಂತ ಗೊತ್ತಿದ್ದ ಮೇಲೆ ಅವನು ಹಗ್ಗ ಕಟ್ಟುತ್ತಾನೆ, ಬಾಗಿಲು ಮುಚ್ಚಿಕೊಳ್ಳದ ಹಾಗೆ ಕಲ್ಲು ಇಡುತ್ತಾನೆ, ವಾಪಸ್ ಬರುವ ದಾರಿಗೆ ಸೀಮೆಸುಣ್ಣದ ಗುರುತು ಹಾಕುತ್ತಾನೆ. ಒಮ್ಮೆ ಅವನ ಹಗ್ಗ ಅವಳನ್ನು ಉಳಿಸಲಿ. ಇನ್ನೊಮ್ಮೆ ಅದೇ ಹಗ್ಗ ಯಾವುದಕ್ಕೋ ದಾರಿ ತೋರಿಸಿ ಕರೆದುಕೊಂಡು ಬರಲಿ. ಗೊಣಗುವ ಸಾಲುಗಳನ್ನೆಲ್ಲ ಹೊಡೆದುಹಾಕಿ, ಆ ಜಾಗದಲ್ಲಿ ಅವನ ಕೈ ಏನು ಮಾಡುತ್ತಿದೆ ಅಂತ ಬರೆಯಿರಿ. ಆಮೇಲೂ ಒಂದು "ಬೇಡ" ಉಳಿಸಿಕೊಳ್ಳಬೇಕು ಅನ್ನಿಸಿದರೆ, ಅವಳು ಅದನ್ನು ಕೇಳಿಸಿಕೊಂಡು ನಿಜವಾಗಿ ನಿಲ್ಲುವ ಒಂದೇ ಒಂದು ಕಡೆ ಇಡಿ.